ಕಲ್ಯಾಣದ ಕ್ಷೋಭೆಯ ದಶಕ

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ಭಕ್ತರ ಮನಸ್ಸಿನಲ್ಲಿ ಮೂಡುವುದು ಅನುಭವಮಂಟಪದ ಪ್ರಶಾಂತವಾದ ಚಿತ್ರ. ಶೂನ್ಯಸಿಂಹಾಸನದಲ್ಲಿ ಅಲ್ಲಮಪ್ರಭುದೇವರು, ಎದುರಿಗೆ ಬಸವಣ್ಣನವರು, ಚನ್ನಬಸವಣ್ಣನವರು, ಸಿದ್ಧರಾಮಯ್ಯನವರು, ಅಕ್ಕಮಹಾದೇವಿಯವರು, ಸುತ್ತಲೂ ಕಾಯಕಜೀವಿಗಳಾದ ಶರಣರ ಸಮೂಹ. ಮನೆಯ ಗೋಡೆಯ ಪಟದಲ್ಲಿಯೂ ಶ್ರಾವಣಮಾಸದ ಪುರಾಣಪ್ರವಚನದಲ್ಲಿಯೂ ಈ ಚಿತ್ರವೇ ಬಳಕೆಯಲ್ಲಿರುವುದು. ಮಂಟಪದ ಬಾಗಿಲಿನಿಂದಾಚೆಗೆ, ಅದೇ ಪಟ್ಟಣದ ಅರಮನೆಯಲ್ಲಿಯೂ ಬೀದಿಯಲ್ಲಿಯೂ ಆಗ ಏನು ನಡೆಯುತ್ತಿದ್ದಿತೆಂದು ವಿಚಾರಿಸುವವರು ವಿರಳ. ವಿಚಾರಿಸಿ ನೋಡಿದರೆ, ಕ್ರಿ. ಶ. 1157ರಿಂದ 1168ರ ವರೆಗಿನ ಒಂದು ದಶಕದ ಅವಧಿಯಲ್ಲಿ ಕನ್ನಡ ನಾಡು ಕಂಡ ಕ್ಷೋಭೆಯು ಬೆರಗುಗೊಳಿಸುವಂಥದು. ಎರಡು ಶತಮಾನಗಳಷ್ಟು ಕಾಲ ಬಾಳಿದ ಸಾಮ್ರಾಜ್ಯವೊಂದು ಕುಸಿಯಿತು, ಸಾಮಂತನೊಬ್ಬನು ಚಕ್ರವರ್ತಿಯಾದನು, ಒಂದು ಮದುವೆಯ ಕಾರಣದಿಂದ ಇಬ್ಬರು ಶರಣರು ಘೋರಶಿಕ್ಷೆಗೆ ಗುರಿಯಾದರು, ಅರಸನ ಕೊಲೆಯಾಯಿತೆಂಬ ವಾರ್ತೆಯು ಪುರಾಣಗಳಲ್ಲಿ ನಿಂತಿತು, ಶರಣರು ಪಟ್ಟಣವನ್ನು ತೊರೆದು ದಿಕ್ಕುದಿಕ್ಕಿಗೆ ನಡೆದರು. ವಚನಗಳ ಬಹುಭಾಗವು ಹುಟ್ಟಿದುದು ಇಂತಹ ಕಾಲದ ಮಗ್ಗುಲಿನಲ್ಲಿ ಎಂಬುದನ್ನು ನೆನಪಿನಲ್ಲಿಟ್ಟು ಓದಿದರೆ ಅವುಗಳ ಧ್ವನಿಯೇ ಬೇರೆಯಾಗಿ ಕೇಳಿಸುವುದು.

ಈ ದಶಕದ ಹಿಂದಣ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಕಲ್ಯಾಣದ ಚಾಲುಕ್ಯರಲ್ಲಿ ಅಗ್ರಗಣ್ಯನಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನ ವಿಕ್ರಮವರ್ಷವನ್ನೇ ಆರಂಭಿಸಿದನು. ಐವತ್ತು ವರ್ಷ ಆಳಿದ ಈ ದೊರೆಯ ಆಶ್ರಯದಲ್ಲಿ ಕಾಶ್ಮೀರದ ಬಿಲ್ಹಣನು ವಿಕ್ರಮಾಂಕದೇವಚರಿತವನ್ನು ರಚಿಸಿದನು. ಅದಕ್ಕಿಂತಲೂ ದೂರಗಾಮಿಯಾದ ಇನ್ನೊಂದು ಗ್ರಂಥವು ಅದೇ ಪಟ್ಟಣದಲ್ಲಿ ಹುಟ್ಟಿತು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವೇ ಅದು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳ ಆ ಸ್ಮೃತಿಯನ್ನು ವಿಜ್ಞಾನೇಶ್ವರನು ಎಷ್ಟು ವಿಶದವಾಗಿ ವಿವರಿಸಿದನೆಂದರೆ, ಬಂಗಾಳದಂತಹ ಕೆಲವು ಭಾಗಗಳನ್ನುಳಿದು ಭಾರತದ ಬಹುಭಾಗದಲ್ಲಿ ಅದೇ ಪ್ರಮಾಣವಾಯಿತು. ಆಂಗ್ಲರ ಆಳ್ವಿಕೆಯ ನ್ಯಾಯಾಲಯಗಳೂ ಅದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟವು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ತಾನೇ ಮಾನಸೋಲ್ಲಾಸವನ್ನು ಬರೆದು ರಾಜನ ಕರ್ತವ್ಯ ಭೋಗ ವಿನೋದಗಳನ್ನೆಲ್ಲ ನೂರು ಪ್ರಕರಣಗಳಲ್ಲಿ ನಿರೂಪಿಸಿದನು. ಧರ್ಮಶಾಸ್ತ್ರಕ್ಕೂ ರಾಜನೀತಿಗೂ ಕಲ್ಯಾಣವು ಹೀಗೆ ತವರುಮನೆಯಾಗಿದ್ದಿತು. ಮುಂದೆ ಹೇಳುವ ಮದುವೆಯ ಸಂಗತಿಗೆ ಬಂದಾಗ ಮಿತಾಕ್ಷರೆಯ ಈ ವಿಷಯವನ್ನು ವಾಚಕರು ಮರೆಯಲಾಗದು.

ಸೋಮೇಶ್ವರನ ತರುವಾಯ ಇಮ್ಮಡಿ ಜಗದೇಕಮಲ್ಲನೂ, 1151ರ ಸುಮಾರಿಗೆ ಮೂರನೆಯ ತೈಲಪನೂ ಸಿಂಹಾಸನವನ್ನೇರಿದರು. ತೈಲಪನಲ್ಲಿ ತಾತನ ತೇಜಸ್ಸು ಇರಲಿಲ್ಲ. ದಕ್ಷಿಣದಲ್ಲಿ ಹೊಯ್ಸಳರು, ಪೂರ್ವದಲ್ಲಿ ಓರುಗಲ್ಲಿನ ಕಾಕತೀಯರು, ಉತ್ತರದಲ್ಲಿ ಸೇವುಣರು, ಎಲ್ಲರೂ ಹೆಸರಿಗೆ ಸಾಮಂತರು, ಮನಸ್ಸಿನಲ್ಲಿ ಸ್ವತಂತ್ರರು. ಅವರೆಲ್ಲರಿಗಿಂತ ಸಮೀಪದಲ್ಲಿದ್ದವನು ಕಳಚುರಿ ಬಿಜ್ಜಳ. ಮಂಗಳವೇಡೆಯಿಂದ ತರ್ದವಾಡಿ ನಾಡನ್ನು ಆಳುತ್ತಿದ್ದ ಈ ಮಹಾಮಂಡಲೇಶ್ವರನು 1157ರಿಂದ ಸ್ವಾತಂತ್ರ್ಯದ ಲಕ್ಷಣಗಳನ್ನು ತೋರತೊಡಗಿದುದು ಶಾಸನಗಳಿಂದ ತಿಳಿದುಬರುವುದು. ಕೆಲವು ಶಾಸನಗಳಲ್ಲಿ ಇನ್ನೂ ತೈಲಪನ ಹೆಸರು, ಕೆಲವುಗಳಲ್ಲಿ ಬಿಜ್ಜಳನದು. ಒಂದೇ ನಾಡಿನಲ್ಲಿ ಪ್ರಜೆಗಳಿಗೆ ಒಡೆಯನಾರೆಂಬುದೇ ಸಂದೇಹ. 1162ರ ಹೊತ್ತಿಗೆ ಆ ಸಂದೇಹ ತೀರಿತು. ಬಿಜ್ಜಳನು ಭುಜಬಲಚಕ್ರವರ್ತಿಯೆಂಬ ಬಿರುದಿನೊಡನೆ ಕಲ್ಯಾಣದಲ್ಲಿ ನೆಲೆನಿಂತನು. ತೈಲಪನ ಅಂತ್ಯವು ಕರುಣಾಜನಕವಾದುದು. ಕಾಕತೀಯ ರುದ್ರದೇವನ 1163ರ ಅನುಮಕೊಂಡದ ಶಾಸನವು, ರುದ್ರನ ಭಯದಿಂದಲೇ ತೈಲಪನು ರೋಗಕ್ಕೆ ತುತ್ತಾಗಿ ಮೃತನಾದನೆಂದು ಹೆಮ್ಮೆಯಿಂದ ಹೇಳಿಕೊಂಡಿದೆ. ವಿಕ್ರಮಾದಿತ್ಯನ ಮೊಮ್ಮಗನ ಸಾವು ಸಾಮಂತನೊಬ್ಬನ ಶಾಸನದಲ್ಲಿ ಪರಿಹಾಸದ ಮಾತಾಗಿ ನಿಂತಿತು.

ಬಸವಣ್ಣನವರು ಪ್ರವೇಶಿಸಿದುದು ಈ ರಾಜ್ಯಾಡಳಿತದಲ್ಲಿಯೇ. ಬಾಗೇವಾಡಿಯಲ್ಲಿ ಜನಿಸಿ, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಬೆಳೆದು, ಅವರು ಮಂಗಳವೇಡೆಗೆ ಬಂದ ಬಗೆಯನ್ನು ಹರಿಹರನು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಕರಣಿಕರ ಸಾಲಿನಲ್ಲಿ ಕುಳಿತಿದ್ದ ಹೊಸ ತರುಣನು ಲೆಕ್ಕದಲ್ಲಿದ್ದ ತಪ್ಪನ್ನು ಕಂಡುಹಿಡಿದು ತೋರಿಸಿದನೆಂದೂ, ಅದರಿಂದಲೇ ಉದ್ಯೋಗ ಲಭಿಸಿತೆಂದೂ ಅಲ್ಲಿ ಹೇಳಿದೆ. ಈ ಚಿಕ್ಕ ಪ್ರಸಂಗವನ್ನು ಪುರಾಣಿಕರು ಬೇಗನೆ ದಾಟಿಹೋಗುವರು. ಹಾಗೆ ದಾಟಬಾರದು. ಪವಾಡದಿಂದಲ್ಲದೆ ಶುದ್ಧವಾದ ಲೆಕ್ಕದಿಂದ ಮೇಲೆ ಬಂದ ಮಹಾಪುರುಷರು ಭಕ್ತಿಸಾಹಿತ್ಯದಲ್ಲಿ ಎಷ್ಟು ಮಂದಿ ಇದ್ದಾರೆ? ಮುಂದೆ ಅವರು ಭಂಡಾರಿಯಾದ ಮೇಲೆ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಾರೆಂಬ ಚಾಡಿ ಹುಟ್ಟಿತು; ತೆಗೆದು ಎಣಿಸಿದಾಗ ಭಂಡಾರವು ಪೂರ್ಣವಾಗಿಯೇ ಇದ್ದಿತೆಂದು ಪುರಾಣಗಳೆಲ್ಲವೂ ಒಂದೇ ಕಂಠದಿಂದ ಹೇಳುವವು. ಅರಸನ ಪಲ್ಲಟದ ಕಾಲದಲ್ಲಿ ಭಂಡಾರದ ಬೀಗದ ಕೈ ಯಾರ ಬಳಿಯಲ್ಲಿದೆಯೋ ಅವರ ಮೇಲೆ ಎಲ್ಲರ ಕಣ್ಣೂ ಇರುವುದು ಸಹಜ.

ಮಹಾಮನೆಗೂ ಅನುಭವಮಂಟಪಕ್ಕೂ ಬಂದು ಸೇರಿದವರ ಹೆಸರುಗಳನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ವಚನಗಳನ್ನು ನಿತ್ಯವೂ ಓದುವವರಿಗೆ ಅವು ಕಂಠಪಾಠ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ, ಮೋಳಿಗೆಯ ಮಾರಯ್ಯ. ಹೆಸರಿನ ಹಿಂದೆಯೇ ಕಾಯಕವು ಅಂಟಿಕೊಂಡು ಬಂದಿರುವುದನ್ನು ಗಮನಿಸಿದರೆ ಸಾಕು. ಲೋಕವು ಯಾವುದನ್ನು ಕೀಳೆಂದು ಮುಚ್ಚಿಟ್ಟುಕೊಳ್ಳಬೇಕೆಂದಿತೋ ಅದನ್ನೇ ಇವರು ಅಂಕಿತದಂತೆ ಧರಿಸಿ ಕುಳಿತರು.

ಇನ್ನು ಬಿಜ್ಜಳನ ವಿಷಯ. ಭಕ್ತಜನರಲ್ಲಿ ಅವನು ಶರಣದ್ವೇಷಿಯೆಂದೂ, ಜೈನನಾದುದರಿಂದ ಶಿವಭಕ್ತರನ್ನು ಪೀಡಿಸಿದನೆಂದೂ ಬಹುಕಾಲದಿಂದ ಹೇಳಿಕೆಯುಂಟು. ಈ ಹೇಳಿಕೆಯನ್ನು ಅಬ್ಬಲೂರಿನ ಕಲ್ಲು ಒಪ್ಪುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದು ಏಕಾಂತದ ರಾಮಯ್ಯನವರ ಚರಿತ್ರೆಯನ್ನು ಹೇಳುವುದು. ಅದೇ ಕಥೆಯ ಸನ್ನಿವೇಶಗಳನ್ನು ಅಲ್ಲಿ ಶಿಲ್ಪಗಳಲ್ಲಿಯೂ ಕೆತ್ತಲಾಗಿದೆ. ಆಳಂದೆಯಲ್ಲಿ ಹುಟ್ಟಿದ ರಾಮಯ್ಯನವರು ಪುಲಿಗೆರೆಯ ಸೋಮನಾಥನನ್ನು ಸೇವಿಸಿ ಅಬ್ಬಲೂರಿಗೆ ಬಂದರು. ಅಲ್ಲಿಯ ಜೈನರಿಗೂ ಅವರಿಗೂ ವಾದ ಹುಟ್ಟಿತು. ತಲೆಯನ್ನೇ ಕೊಯ್ದು ಶಿವನಿಗರ್ಪಿಸಿ ಮರಳಿ ಪಡೆದರೆಂದೂ, ಪಣದಂತೆ ಜಿನಬಿಂಬವು ಭಗ್ನವಾಯಿತೆಂದೂ, ಜೈನರು ಬಿಜ್ಜಳನ ಬಳಿಗೆ ದೂರು ಒಯ್ದರೆಂದೂ ಶಾಸನ ಹೇಳುತ್ತದೆ. ರಾಮಯ್ಯನವರು ಅರಸನ ಎದುರಿಗೇ ಮತ್ತೊಮ್ಮೆ ಪಣ ಒಡ್ಡಲು ಸಿದ್ಧರಾದರು, ಎದುರಾಳಿಗಳು ಒಪ್ಪಲಿಲ್ಲ. ಆಗ ಬಿಜ್ಜಳನು ರಾಮಯ್ಯನವರಿಗೆ ಜಯಪತ್ರವನ್ನು ಬರೆಯಿಸಿಕೊಟ್ಟು, ವೀರಸೋಮನಾಥ ದೇವರಿಗೆ ಗೋಗಾವೆಯೆಂಬ ಗ್ರಾಮವನ್ನು ದಾನಮಾಡಿದನು.

ಪವಾಡದ ಭಾಗವನ್ನು ಭಕ್ತಿಯಿಂದ ನೋಡುವವರು ಹಾಗೆಯೇ ನೋಡಲಿ. ಮತಮತಗಳ ಕಲಹದಲ್ಲಿ ಪರರ ಬಿಂಬವನ್ನು ಒಡೆದುದನ್ನು ಇಂದಿನ ಭಕ್ತನು ಹೊಗಳಬೇಕಾದುದೂ ಇಲ್ಲ. ಇಲ್ಲಿ ಗ್ರಹಿಸಬೇಕಾದ ಅಂಶ ಬೇರೆ. ಶೈವನೊಬ್ಬನಿಗೆ ಜಯಪತ್ರವಿತ್ತು ಗ್ರಾಮದಾನ ಮಾಡಿದ ದೊರೆ, ಬಂಗಾರದ ವೃಷಭವನ್ನೇ ಧ್ವಜದಲ್ಲಿ ಹೊತ್ತ ವಂಶದವನು, ಶಿವಪೂಜೆಯ ಕಾರಣಕ್ಕಾಗಿ ಶರಣರ ಮೇಲೆ ಕತ್ತಿ ಎತ್ತಿದನೆಂಬುದು ಸಂಭವವಲ್ಲ. ಶರಣರು ಲಿಂಗವನ್ನು ಕಟ್ಟಿಕೊಂಡರು, ಅವನು ಸುಮ್ಮನಿದ್ದನು. ಮಹಾಮನೆಯಲ್ಲಿ ದಾಸೋಹ ನಡೆಯಿತು, ಸುಮ್ಮನಿದ್ದನು. ಬ್ರಾಹ್ಮಣನೂ ಅಂತ್ಯಜನೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರು. ಗುಸುಗುಸು ಎದ್ದಿತು, ದೂರು ಬಂದವು, ಆದರೂ ವರ್ಷಗಟ್ಟಲೆ ಕಾಲ ಸಾಗಿತು. ಹಾಗಾದರೆ ಎಲ್ಲಿಗೆ ಬಂದು ತಾಳ್ಮೆ ಕಡಿಯಿತು? ಕೊಳುಕೊಡೆಯ ಬಳಿಗೆ ಬಂದು ಕಡಿಯಿತು.

ಆ ಪ್ರಸಂಗವನ್ನು ಎಲ್ಲರೂ ಬಲ್ಲರು. ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನವರು ಮತ್ತು ಕಲ್ಯಾಣಮ್ಮನವರ ಮಗ ಶೀಲವಂತ. ಬ್ರಾಹ್ಮಣಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳು ಲಾವಣ್ಯ. ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದ ದಂಪತಿಗಳೆಂದು ಪರಂಪರೆ ಕೊಂಡಾಡುವ ಹರಳಯ್ಯ ಕಲ್ಯಾಣಮ್ಮನವರ ಮನೆಗೆ ಅರಮನೆಯ ಅಧಿಕಾರಿಯ ಮಗಳು ಸೊಸೆಯಾಗಿ ಬಂದಳು.

ಶಾಸ್ತ್ರದ ದೃಷ್ಟಿಯಲ್ಲಿ ಇದು ಎಂತಹ ಕೃತ್ಯವೆಂಬುದನ್ನು ಸ್ಪಷ್ಟವಾಗಿ ಅರಿತ ಹೊರತು ಆ ದಿನದ ಗಾಂಭೀರ್ಯವು ತಿಳಿಯದು. ಲೋಮವೆಂದರೆ ಕೂದಲು. ಕೂದಲು ಬೆಳೆದ ದಿಕ್ಕಿಗೆ ಕೈಯಾಡಿಸಿದರೆ ಅನುಲೋಮ, ಎದುರು ದಿಕ್ಕಿಗೆ ಆಡಿಸಿದರೆ ಪ್ರತಿಲೋಮ. ಮೇಲಣ ವರ್ಣದ ವರ, ಕೆಳಗಣ ವರ್ಣದ ವಧು ಆದರೆ ಅದು ಅನುಲೋಮವಿವಾಹ. ಸ್ಮೃತಿಕಾರರು ಅದನ್ನು ಹೊಗಳದಿದ್ದರೂ ಸಹಿಸಿದರು. ಮೇಲಣ ವರ್ಣದ ಕನ್ಯೆಯನ್ನು ಕೆಳಗಣ ವರ್ಣದವನಿಗೆ ಕೊಟ್ಟರೆ ಪ್ರತಿಲೋಮ. ಅದಕ್ಕೆ ಕ್ಷಮೆಯೇ ಇಲ್ಲ. ಬ್ರಾಹ್ಮಣಸ್ತ್ರೀಯಲ್ಲಿ ಶೂದ್ರನಿಂದ ಹುಟ್ಟಿದವನು ಚಂಡಾಲನು, ಸರ್ವಧರ್ಮಗಳಿಂದಲೂ ಹೊರಗಿನವನು ಎಂದು ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವು ನಿರ್ಣಯಿಸಿದೆ. ಲಾವಣ್ಯಳ ವರನಾದರೋ ಶೂದ್ರನೆಂಬ ಎಣಿಕೆಗೂ ಹೊರಗಿನ ಕುಲದವನು. ವರ್ಣಸಂಕರವನ್ನು ತಡೆಯುವುದು ರಾಜನ ಮೊದಲ ಧರ್ಮಗಳಲ್ಲೊಂದು. ತಡೆಯದ ರಾಜನು ಪಾಪಭಾಗಿ. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ಪಟ್ಟಣದಲ್ಲಿಯೇ, ಬರೆದು ಒಂದೆರಡು ತಲೆಮಾರು ಕಳೆಯುವುದರೊಳಗೆ, ಈ ಮದುವೆ ನಡೆಯಿತು. ಬಿಜ್ಜಳನ ಮುಂದೆ ನಿಂತ ಪುರೋಹಿತರು ಹೊಸ ಕಾನೂನನ್ನೇನೂ ಕೇಳಲಿಲ್ಲ. ಕಲ್ಯಾಣದ ಹೆಮ್ಮೆಯ ಗ್ರಂಥವನ್ನೇ ಆಚರಣೆಗೆ ತರಬೇಕೆಂದು ಕೇಳಿದರು. ಸಿಂಹಾಸನವನ್ನು ಬಲದಿಂದ ಹಿಡಿದ ಅರಸನಿಗೆ ಧರ್ಮಸಂರಕ್ಷಕನೆಂಬ ಹೆಸರಿನ ಅವಶ್ಯಕತೆ ಇತರರಿಗಿಂತ ಹೆಚ್ಚು. ಆದುದರಿಂದ ಅವನು ಅವರ ಮಾತನ್ನು ತಳ್ಳಿಹಾಕುವ ಸ್ಥಿತಿಯಲ್ಲಿರಲಿಲ್ಲ.

ಶರಣರ ಉತ್ತರವೇನು? ಸಾಮಾನ್ಯವಾಗಿ ಪ್ರವಚನಗಳಲ್ಲಿ ಇದನ್ನು ‘ಅಂತರ್ಜಾತೀಯ ವಿವಾಹ’ವೆಂದು ಹೊಗಳುವ ವಾಡಿಕೆ ಬೆಳೆದಿದೆ. ಹೊಗಳಿಕೆ ಪ್ರಾಮಾಣಿಕವಾದುದೇ, ಆದರೆ ಶರಣರ ನಿಲವಿಗೆ ಆ ಮಾತು ಹೊಂದುವುದಿಲ್ಲ. ಅವರ ಸಿದ್ಧಾಂತದಲ್ಲಿ ಲಿಂಗದೀಕ್ಷೆಯು ಎರಡನೆಯ ಜನ್ಮ. ಗುರುವಿನ ಕರದಲ್ಲಿ ಹುಟ್ಟಿದವನಿಗೆ ಪೂರ್ವಾಶ್ರಯವಿಲ್ಲ, ಪೂರ್ವಾಶ್ರಯವಿಲ್ಲದವನಿಗೆ ಕುಲವೆಲ್ಲಿಯದು? ಮಧುವರಸರು ಬ್ರಾಹ್ಮಣರಾಗಿ ಕನ್ಯೆಯನ್ನು ಕೊಡಲಿಲ್ಲ; ಹರಳಯ್ಯನವರು ಸಮಗಾರರಾಗಿ ತಂದುಕೊಳ್ಳಲಿಲ್ಲ. ಲಿಂಗವಂತರ ಮನೆಯ ಕನ್ಯೆ ಲಿಂಗವಂತರ ಮನೆಗೆ ಬಂದಳು, ಅಷ್ಟೆ. ಎರಡು ಜಾತಿಗಳು ಕೂಡಿದವೆಂದು ಒಪ್ಪಿದರೆ ದೀಕ್ಷೆಯ ಅನಂತರವೂ ಜಾತಿಗಳು ಉಳಿದಿದ್ದವೆಂದು ಒಪ್ಪಿದಂತೆ ಆಗುವುದು. ಆಗ ಬಿಜ್ಜಳನ ಪುರೋಹಿತರೇ ವಾದದಲ್ಲಿ ಗೆದ್ದರು.

ಇಲ್ಲಿ ನಡುದಾರಿಯಿಲ್ಲ. ದೀಕ್ಷೆಯು ಜನ್ಮವನ್ನು ನಿಜವಾಗಿಯೂ ಕಳೆಯುವುದಾದರೆ ಆ ಮದುವೆಯು ಊರಿನ ನೂರು ಮದುವೆಗಳಲ್ಲಿ ಒಂದು. ಕಳೆಯದಿದ್ದರೆ ದೀಕ್ಷೆಯು ಬರಿಯ ಕಟ್ಟಳೆ, ಕರಡಿಗೆ ಬರಿಯ ಆಭರಣ. ಪೂಜೆಯಲ್ಲಿ ಸಮಾನತೆಯನ್ನು ಒಪ್ಪುವುದು ಸುಲಭ, ಪಂಕ್ತಿಯಲ್ಲಿ ಒಪ್ಪುವುದು ಸ್ವಲ್ಪ ಕಷ್ಟ. ಹೆತ್ತ ಮಗಳನ್ನು ಕೊಡುವಾಗಲೇ ಒಳಗಿನ ನಂಬುಗೆ ಹೊರಗೆ ಬೀಳುವುದು. ಮಧುವರಸರ ನಂಬುಗೆ ಹೊರಗೆ ಬಿದ್ದಾಗ ಅದು ಅಪ್ಪಟವಾಗಿದ್ದಿತು.

ಇದೇ ಪರೀಕ್ಷೆಯನ್ನು ಈಗಿನ ಗೃಹಸ್ಥರ ಮನೆಗೂ ಒಡ್ಡಿ ನೋಡಬಹುದು. ಹರಳಯ್ಯನವರ ಕಥೆಯನ್ನು ಕೇಳುವಾಗ ಕಣ್ಣೀರು ತರುವ ಭಕ್ತರು, ಮಾರನೆಯ ದಿನ ವಧುವನ್ನು ನೋಡಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ಯಾವುದು? ಲಿಂಗಧಾರಣೆಯುಂಟೆ ಎಂದಲ್ಲ, ಶೀಲವೆಂತಹದು ಎಂದಲ್ಲ. ‘ಅವರು ಯಾರ ಪೈಕಿ?’ ಎಂಬುದೇ. ಬಣಜಿಗರೋ ಪಂಚಮಸಾಲಿಗಳೋ ಸಾದರೋ ನೊಳಂಬರೋ ಎಂಬ ವಿಚಾರಣೆ ಮುಗಿದ ಮೇಲೆ ಉಳಿದ ಮಾತು. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ 1896ರಲ್ಲಿ, ಲಿಂಗಾಯತರದೇ ಎರಡು ಒಳಪಂಗಡಗಳ ನಡುವೆ ನಡೆದ ವಿವಾಹವು ಸಿಂಧುವೆ ಅಸಿಂಧುವೆ ಎಂಬ ವ್ಯಾಜ್ಯವು ವಿಚಾರಣೆಗೆ ಬಂದಿತು. ವಿರುದ್ಧವಾದ ರೂಢಿಯನ್ನು ಸಿದ್ಧಪಡಿಸದ ಹೊರತು ಅಂತಹ ವಿವಾಹವು ಸಿಂಧುವೇ ಎಂದು ನ್ಯಾಯಾಲಯವು ನಿರ್ಣಯಿಸಿತು. ತೀರ್ಪು ಒಳ್ಳೆಯದೇ. ಆದರೆ ಮಧುವರಸರ ಪರಂಪರೆಯವರು ಆ ಪ್ರಶ್ನೆಯನ್ನು ನ್ಯಾಯಾಲಯದ ಬಾಗಿಲಿಗೆ ಒಯ್ಯುವಂತಾದುದೇ ಸೋಜಿಗ. ದೇಶದ ಕಾನೂನಾದರೂ 1949ರ ಹಿಂದೂ ವಿವಾಹ ಸಿಂಧುತ್ವದ ಅಧಿನಿಯಮದಿಂದ ಜಾತಿಭೇದದ ಕಾರಣಕ್ಕೆ ವಿವಾಹವು ಅಸಿಂಧುವಾಗದೆಂದು ಸಾರಿತು. 1955ರ ಹಿಂದೂ ವಿವಾಹ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತನ್ನ ವ್ಯಾಪ್ತಿಯೊಳಗೆ ತಂದಿತು. ಪ್ರತಿಲೋಮವೆಂಬ ದೋಷವನ್ನು ಕಾನೂನಿನ ಪುಸ್ತಕದಿಂದ ಅಳಿಸಲು ಹರಳಯ್ಯನವರ ದಿನದಿಂದ ಎಂಟು ಶತಮಾನಗಳಿಗೆ ಸಮೀಪದ ಕಾಲ ಹಿಡಿಯಿತು.

ಬಿಜ್ಜಳನು ವಿಧಿಸಿದ ಶಿಕ್ಷೆಯನ್ನು ಪುರಾಣಗಳು ಎರಡು ಬಗೆಯಾಗಿ ಹೇಳುವವು. ಇಬ್ಬರ ಕಣ್ಣುಗಳನ್ನು ಕೀಳಿಸಿದನೆಂಬುದು ಒಂದು. ಎಳೆಹೂಟೆಗೆ ಹಾಕಿಸಿದನೆಂಬುದು ಇನ್ನೊಂದು. ಹೂಟೆಯೆಂದರೆ ಎತ್ತನ್ನು ನೊಗಕ್ಕೆ ಹೂಡುವುದು. ಹೊಲವನ್ನು ಉಳುವಂತೆ ಮನುಷ್ಯನನ್ನು ಆನೆಯ ಕಾಲಿಗೆ ಹೂಡಿ, ಊರಿನ ಬೀದಿಯಲ್ಲಿ ಎಳೆಯಿಸಿ ಕೊಲ್ಲುವ ದಂಡನೆಗೆ ಆ ಹೆಸರು. ಬೀದಿಯಲ್ಲಿ ಎಳೆಯಿಸುವುದರ ಉದ್ದೇಶ ಕೊಲ್ಲುವುದಷ್ಟೇ ಆಗಿರಲಿಲ್ಲ. ನೋಡುವವರು ನೆನಪಿಟ್ಟುಕೊಳ್ಳಲಿ ಎಂಬುದು. ಅವರು ನೆನಪಿಟ್ಟುಕೊಂಡರು, ಅರಸನು ಬಯಸಿದ ರೀತಿಯಲ್ಲಲ್ಲ.

ತರುವಾಯ ನಡೆದುದನ್ನು ಹೇಳುವಲ್ಲಿ ಗ್ರಂಥಗಳು ಬೇರೆ ಬೇರೆ ದಾರಿ ಹಿಡಿಯುವವು. ಹರಿಹರನ ರಗಳೆಯ ದೊರೆತ ಭಾಗದಲ್ಲಿ ಈ ಅಂತ್ಯದ ಕಥೆಯೇ ಇಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, ಬಸವಣ್ಣನವರು ಬಿಜ್ಜಳನ ವಧೆಯನ್ನು ಜಗದೇವನಿಗೆ ವಹಿಸಿ, ಪಟ್ಟಣವನ್ನು ಶಪಿಸಿ ಸಂಗಮಕ್ಕೆ ಹೊರಟರೆಂದಿದೆ. ಜಗದೇವನು ತಡಮಾಡಿ ಮನೆಗೆ ಬಂದಾಗ, ಶರಣರ ಸೇಡನ್ನು ತೀರಿಸದವನೆಂದು ಅವನ ತಾಯಿಯು ನಾಯಿಗೆ ಇಡುವಂತೆ ಹೊರಗೆ ಅನ್ನವಿಟ್ಟಳೆಂದೂ, ಅದನ್ನು ಸಹಿಸದೆ ಅವನು ಮಲ್ಲಯ್ಯ ಬೊಮ್ಮಯ್ಯರೊಡನೆ ಅರಮನೆಯನ್ನು ಹೊಕ್ಕು ಅರಸನನ್ನು ಕೊಂದನೆಂದೂ ಕಥೆ. ಬಹುಕಾಲದ ಮೇಲೆ ರಚಿತವಾದ ಜೈನರ ಬಿಜ್ಜಳರಾಯಚರಿತೆಯು, ಕೊಲ್ಲಾಪುರದ ಕಡೆಯ ದಂಡಯಾತ್ರೆಯಿಂದ ಮರಳುವಾಗ ಭೀಮಾತೀರದ ಬೀಡಿನಲ್ಲಿ ಅರಸನು ವಿಷದ ಹಣ್ಣಿನಿಂದ ಮೃತನಾದನೆಂದು ಹೇಳಿ, ಆ ಅಪವಾದವನ್ನು ಬಸವಣ್ಣನವರ ಮೇಲೆಯೇ ಹೊರಿಸುವುದು. ಶಾಸನಗಳು ಕೊಲೆಯ ಮಾತನ್ನೇ ಎತ್ತದೆ, 1167–68ರಲ್ಲಿ ಬಿಜ್ಜಳನ ಮಗ ರಾಯಮುರಾರಿ ಸೋವಿದೇವನು ಆಳ್ವಿಕೆಗೆ ಬಂದುದನ್ನು ಮಾತ್ರ ತಿಳಿಸುವವು.

ತೆಲುಗು ಪುರಾಣದ ಮಾತು ಶ್ರದ್ಧಾಳುಗಳಿಗೆ ಸಂಕಟವನ್ನು ತರುವಂಥದು. ಅದನ್ನು ಮುಚ್ಚಿಡುವುದು ಉಚಿತವಲ್ಲ. ಸೋಮನಾಥನು ಹದಿಮೂರನೆಯ ಶತಮಾನದ ಕವಿ. ಶಿವನಿಂದೆಯನ್ನು ಕೇಳಿದವನು ಕೊಲ್ಲಬೇಕು ಇಲ್ಲವೆ ಸಾಯಬೇಕು ಎಂಬ ವೀರವ್ರತದ ಹುರುಪು ಅವನ ಕಾವ್ಯದ ಉಸಿರು. ಅವನ ಕಣ್ಣಿಗೆ ಅರಸನ ವಧೆಯು ಬಸವಣ್ಣನವರ ಮಹಿಮೆಯನ್ನು ಹೆಚ್ಚಿಸುವ ಕಾರ್ಯ; ಆದುದರಿಂದ ಅದನ್ನು ಅವರ ಆಜ್ಞೆಯಾಗಿಸಿದನು. ಜೈನ ಕವಿಗೆ ಅದೇ ಸಂಗತಿಯು ದೂಷಣೆಯ ಸಾಧನವಾಯಿತು. ಇಬ್ಬರಿಗಿಂತಲೂ ಬಲವಾದ ಸಾಕ್ಷಿ ಬಸವಣ್ಣನವರದೇ ವಚನರಾಶಿ. ಅಲ್ಲಿ ಕೋಪವನ್ನು ಮನೆಯ ಬೆಂಕಿಗೆ ಹೋಲಿಸಿ ಅದರ ಕೇಡನ್ನು ತೋರಿಸಿದ್ದುಂಟು. ಪರರಿಗೆ ಕೇಡೆಣಿಸಬಾರದೆಂದು ಕಲಿಸಿದ್ದುಂಟು. ಅರಸನ ಸಾವಿನಿಂದ ಸಂತೋಷಪಟ್ಟ ದನಿ ಎಲ್ಲಿಯೂ ಇಲ್ಲ. ಪುರಾಣಗಳು ಪರಸ್ಪರ ವಿರೋಧಿಸಿದಾಗ ವಚನವನ್ನೇ ಪ್ರಮಾಣವಾಗಿ ಹಿಡಿಯುವುದು ನ್ಯಾಯ. ಅವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ತೆರಳಿದರೆಂಬ ಒಂದು ಅಂಶದಲ್ಲಿ ಮಾತ್ರ ಶರಣಪರಂಪರೆಯ ಕಥೆಗಳೆಲ್ಲ ಕೂಡುವವು. ಭಂಡಾರದ ಬೀಗದ ಕೈಯನ್ನೂ ಪ್ರಧಾನಿಯ ಪದವಿಯನ್ನೂ ಹಿಡಿದವರು ಬಲವನ್ನು ಕೂಡಿಸಲು ಹೊರಡದೆ ಬರಿಗೈಯಲ್ಲಿ ಹೊಳೆಯ ದಂಡೆಗೆ ನಡೆದರೆಂಬುದನ್ನು ಅರ್ಥಮಾಡಿಕೊಳ್ಳಲು ಟೀಕೆ ಬೇಕಾಗದು. ಜಗದೇವನ ಕತ್ತಿಯಿಂದ ಹರಳಯ್ಯನವರು ಬದುಕಿ ಬರಲಿಲ್ಲ. ಉಳಿದ ಶರಣರ ಬೆನ್ನಿಗೆ ಅರಸನ ಸೈನ್ಯ ಮಾತ್ರ ಬಿದ್ದಿತು.

ಅಲ್ಲಿಂದ ಮುಂದಣ ಕಥೆಯು ದಾರಿಯ ಕಥೆ. ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯವರೂ ಮೊದಲೇ ಶ್ರೀಶೈಲದ ಕದಳಿಯ ಕಡೆಗೆ ತೆರಳಿದ್ದರು. ಚನ್ನಬಸವಣ್ಣನವರು, ಅಕ್ಕನಾಗಮ್ಮನವರು, ಮಡಿವಾಳ ಮಾಚಯ್ಯನವರು ಮುಂತಾದವರು ಶರಣರ ತಂಡವನ್ನು ಕರೆದುಕೊಂಡು ಪಶ್ಚಿಮದ ಅಡವಿಯ ಕಡೆಗೆ ನಡೆದರು. ಬೆಳಗಾವಿ ಧಾರವಾಡಗಳ ಸೀಮೆಯಲ್ಲಿ ಆ ದಾರಿಯನ್ನು ಇಂದಿಗೂ ಊರುಗಳ ಹೆಸರಿನಿಂದಲೇ ಎಣಿಸುವ ಹಿರಿಯರಿದ್ದಾರೆ. ಕಾದರವಳ್ಳಿಯಲ್ಲಿ ಕಾಳಗವಾಯಿತೆನ್ನುವರು. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸ್ಮರಣೆಯಿದೆ. ಮಲಪ್ರಭೆಯ ದಂಡೆಯ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರದು, ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನೀಲಾಂಬಿಕೆಯವರದು, ತರೀಕೆರೆಯ ಬಳಿ ಎಣ್ಣೆಹೊಳೆಯಲ್ಲಿ ಅಕ್ಕನಾಗಮ್ಮನವರದು. ಕೊನೆಗೆ ಉತ್ತರ ಕನ್ನಡದ ದಟ್ಟಡವಿಯ ಉಳವಿ, ಚನ್ನಬಸವಣ್ಣನವರ ಐಕ್ಯಸ್ಥಳ. ವರ್ಷವರ್ಷವೂ ಭರತಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯ ಒಕ್ಕಲುಮಕ್ಕಳು ಎತ್ತುಗಳನ್ನು ಸಿಂಗರಿಸಿ, ಚಕ್ಕಡಿಗಳನ್ನು ಹೂಡಿ ಆ ಘಟ್ಟದ ದಾರಿಯಲ್ಲಿ ಸಾಗುವರು. ತಾವು ಹೋಗುತ್ತಿರುವುದು ಓಡಿಹೋದವರ ದಾರಿಯೆಂದು ಅವರಲ್ಲಿ ಎಷ್ಟು ಮಂದಿ ನೆನೆಯುವರೋ ತಿಳಿಯದು.

ಕಲ್ಯಾಣದಲ್ಲಿ ಗೆದ್ದವರೂ ಬಹಳ ಕಾಲ ಬಾಳಲಿಲ್ಲ. ಸೋವಿದೇವನ ತರುವಾಯ ಸಂಕಮ, ಆಹವಮಲ್ಲ, ಸಿಂಘಣರು ಒಬ್ಬರ ಹಿಂದೆ ಒಬ್ಬರು ಆಳಿದರು. 1183–84ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರನು ಚಾಲುಕ್ಯರ ಸಿಂಹಾಸನವನ್ನು ಮರಳಿ ಪಡೆದನು. ಅಬ್ಬಲೂರಿನ ಏಕಾಂತದ ರಾಮಯ್ಯನವರಿಗೆ ಅವನೂ ಗ್ರಾಮದಾನ ಮಾಡಿದನೆಂದು ಅದೇ ಶಾಸನದಲ್ಲಿದೆ. ಮುಂದಣ ಹತ್ತು ವರ್ಷಗಳೊಳಗಾಗಿ ಹೊಯ್ಸಳ ವೀರಬಲ್ಲಾಳನೂ ಸೇವುಣ ಭಿಲ್ಲಮನೂ ರಾಜ್ಯವನ್ನು ಹಂಚಿಕೊಂಡರು. ಕಲ್ಯಾಣವು ರಾಜಧಾನಿಯೆಂಬ ಪದವಿಯನ್ನು ಕಳೆದುಕೊಂಡಿತು.

ಶರಣರು ಹೊತ್ತು ನಡೆದ ವಚನದ ಕಟ್ಟುಗಳ ಗತಿ ಬೇರೆಯಾಯಿತು. ಮಠಗಳ ಮಾಡಗಳಲ್ಲಿಯೂ ಮನೆಗಳ ಜಗಲಿಯ ಪೆಟ್ಟಿಗೆಗಳಲ್ಲಿಯೂ ಓಲೆಗರಿಗಳು ಪ್ರತಿಯ ಮೇಲೆ ಪ್ರತಿಯಾಗಿ ಉಳಿದವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ ಅವುಗಳ ಸಂಕಲನಕಾರ್ಯಕ್ಕೆ ಕಳೆಯೇರಿತು, ಶೂನ್ಯಸಂಪಾದನೆಗಳು ರೂಪುಗೊಂಡವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಂಪುಟವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆ ಸಂಪುಟಗಳಲ್ಲಿ ಭಂಡಾರಿ ಬಸವಣ್ಣನವರ ಜೊತೆಗೆ ಅಂಬಿಗರೂ ಮೇದರೂ ಮಡಿವಾಳರೂ, ಅಕ್ಕಿಯನ್ನು ಆಯ್ದು ಬದುಕಿದ ಲಕ್ಕಮ್ಮನವರೂ ತಮ್ಮ ತಮ್ಮ ಅಂಕಿತಗಳೊಡನೆ ಇದ್ದಾರೆ.